ಗುತ್ತಲದಿಂದ ಬಂದ ಮೂಗು

ಬ್ಯಾಡಗಿಯ ಬಸ್ ನಿಲ್ದಾಣದಲ್ಲಿ ಇಳಿದವರಲ್ಲಿ ಊರವರು ಯಾರು, ಹೊರಗಿನವರು ಯಾರು ಎಂದು ತಿಳಿಯಲು ಯಾರನ್ನೂ ಕೇಳಬೇಕಾಗಿಲ್ಲ. ಸುಗ್ಗಿಯ ದಿನಗಳಲ್ಲಿ ಹೊರಗಿನವರು ಇಳಿದ ಕೂಡಲೇ ಸೀನುತ್ತಾರೆ, ಊರವರು ಅವರನ್ನು ನೋಡಿ ನಗುತ್ತಾರೆ. ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು ಇದೆ ಎಂಬುದೇ ಊರವರಿಗೆ ಮರೆತುಹೋಗಿರುತ್ತದೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೇಳುವ ಪಂಡಿತರು ಬಹಳ ಜನ ಇದ್ದಾರೆ. ಅವರನ್ನೆಲ್ಲ ಒಂದು ಮಧ್ಯಾಹ್ನ ರಾಶಿಯ ಮಗ್ಗುಲಲ್ಲಿ ಕೂರಿಸಬೇಕು.

ಹೊಳಿಯವ್ವ ಅಂಥ ರಾಶಿಗಳ ಮಗ್ಗುಲಲ್ಲೇ ಅರ್ಧ ಆಯುಷ್ಯ ಕಳೆದವಳು. ತವರು ಗುತ್ತಲದ ಆಚೆ, ತುಂಗಭದ್ರೆಯ ದಂಡೆ. ಹೆತ್ತವರು ಹೊಳೆಗೆ ಹರಕೆ ಹೊತ್ತ ಮೇಲೆ ಹುಟ್ಟಿದವಳಾದ್ದರಿಂದ ಆ ಹೆಸರು. ಗಂಡ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲ. ಮಗಳು ಜ್ಯೋತಿಲಕ್ಷ್ಮಿ ಇನ್ನೂ ತೊಟ್ಟಿಲಲ್ಲಿದ್ದಾಗ ಅವನು ತೀರಿಕೊಂಡ. ಹೊಳಿಯವ್ವ ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಸಾಲಿನಲ್ಲಿ ಹೋಗಿ ಕೂತಳು.

ಆ ಕೆಲಸದ ಕಷ್ಟ ಬೆನ್ನಿನದಲ್ಲ, ಕೈಯದು. ದಿನವಿಡೀ ತೊಟ್ಟು ಮುರಿದ ಬೆರಳು ಬೆಂಕಿಯಾಗಿರುತ್ತದೆ. ಆ ಬೆರಳಿನಲ್ಲಿ ಕೂಸಿನ ಕಣ್ಣು ಒರೆಸುವಂತಿಲ್ಲ, ಬಾಯಿಗೆ ಮೊಲೆ ಕೊಡಲೂ ಹೆದರಿಕೆ. ಸೀರೆಯ ಜೋಳಿಗೆಯಲ್ಲಿ ಮಲಗಿದ ಮಗಳು ಕಿರುಚಿಕೊಂಡರೆ ಹೊಳಿಯವ್ವ ಅವಳನ್ನು ಮೊಣಕೈಗಳಿಂದ ಎತ್ತಿಕೊಳ್ಳುತ್ತಿದ್ದಳು, ಕಟ್ಟಿಗೆ ಎತ್ತಿದ ಹಾಗೆ. ಹೆತ್ತ ಮಗಳನ್ನು ಅಂಗೈಯಿಂದ ಮುಟ್ಟಲಾಗದ ಆ ಹಗಲುಗಳನ್ನು ನೆನೆದರೆ ಅವಳಿಗೆ ಈಗಲೂ ಸಿಟ್ಟು ಬರುತ್ತದೆ. ಮಗಳೇನೋ ಬೆಳೆದಳು, ಮದುವೆಯಾಗಿ ಕುಮಾರಪಟ್ಟಣದಲ್ಲಿ ಸುಖವಾಗಿದ್ದಾಳೆ. ಸಿಟ್ಟು ಮಾತ್ರ ತಾಯಿಯ ಹತ್ತಿರವೇ ಉಳಿಯಿತು.

ಹಾಗಿರುವಾಗ ರಾಣೆಬೆನ್ನೂರಿನಿಂದ ನೀಲಕ್ಕ ಬಂದಳು. ಪೂರ್ತಿ ಹೆಸರು ನೀಲಾ ದೇವದಾಸ. ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ತನ್ನ ಚರ್ಚಿನ ನಾಲ್ಕು ಜನರನ್ನು ಕೂಡಿಸಿಕೊಂಡು ‘ಕನಿಕರ ಸೇವಾ ಸಂಸ್ಥೆ’ ಎಂದು ಕಟ್ಟಿದ್ದಳು. ಹಲಗೇರಿಯ ಕಡೆಯ ಹಳ್ಳಿಗಳಲ್ಲಿ ಗಂಡನಿಲ್ಲದ, ಗಂಡನಿದ್ದೂ ಇಲ್ಲದ ಹೆಂಗಸರ ಮನೆಗಳಿಗೆ ಹೋಗಿ ಔಷಧ, ರೇಷನ್ನು ನೋಡಿಕೊಳ್ಳುವುದು ಅವಳ ಕೆಲಸ. ಅಂಥ ಹೆಂಗಸರು ಸುಗ್ಗಿಯಲ್ಲಿ ಬ್ಯಾಡಗಿಗೆ ದುಡಿಯಲು ಹೋಗುತ್ತಿದ್ದರು. ಅವರ ಬೆನ್ನ ಹಿಂದೆಯೇ ನೀಲಕ್ಕ ಬಂದು, ಒಂದು ಬಾಡಿಗೆ ಮನೆ ಹಿಡಿದು, ದುಡಿಯುವವರ ಕೂಸುಗಳನ್ನು ಹಗಲು ಹೊತ್ತು ಅಲ್ಲಿ ಇಟ್ಟುಕೊಳ್ಳತೊಡಗಿದಳು.

ಹೊಳಿಯವ್ವ ಅಲ್ಲಿಗೆ ಕೆಲಸ ಕೇಳಿಕೊಂಡು ಹೋದವಳಲ್ಲ. ಏನು ನಡೆದಿದೆ ಎಂದು ಇಣುಕಿ ನೋಡಲು ಹೋದವಳು. ಒಳಗೆ ಕೂಸುಗಳೆಲ್ಲ ಒಂದೇ ಸಲ ಅಳುತ್ತಿದ್ದವು, ನೀಲಕ್ಕ ನಡುವೆ ನಿಂತು ಯಾವುದನ್ನು ಎತ್ತಿಕೊಳ್ಳಲಿ ಎಂದು ಕಣ್ಣು ಕಣ್ಣು ಬಿಡುತ್ತಿದ್ದಳು. ಹೊಳಿಯವ್ವ ಚಪ್ಪಲಿ ಬಿಟ್ಟು, ಕೈ ತೊಳೆದು, ಎರಡನ್ನು ಎರಡು ಕಂಕುಳಲ್ಲಿ ಎತ್ತಿಕೊಂಡಳು. ಅಂದು ಒಳಗೆ ಹೋದವಳು ಮತ್ತೆ ರಾಶಿಯ ಹತ್ತಿರ ಹೋಗಲಿಲ್ಲ.

ಓಣಿಯ ಹೆಂಗಸರು ಸುಮ್ಮನಿರುತ್ತಾರೆಯೇ? ಬಾವಿಕಟ್ಟೆಯಲ್ಲಿ ಹಿಡಿದು ಕೇಳಿದರು: “ಏನವಾ ಹೊಳಿಯವ್ವ, ಅವರ ಜಾತಿ ಸೇರೀದಂತಲ್ಲ?”

“ಸೇರೇನವಾ. ಕೂಸಿನ ಕುಂಡಿ ತೊಳಿಯೋ ಜಾತಿ. ನೀನೂ ಬರ್ತೀಯೇನು? ಜಾಗಾ ಐತಿ.”

ಹಣೆಯ ವಿಭೂತಿ ಅವಳು ಬಿಡಲಿಲ್ಲ, ಬಿಡು ಎಂದು ನೀಲಕ್ಕ ಹೇಳಲೂ ಇಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿದಾಗ ಹೊಳಿಯವ್ವ ಒಂದೇ ಕಣ್ಣು ಮುಚ್ಚುತ್ತಿದ್ದಳು. ತೆವಳುವ ಕೂಸುಗಳ ಮೇಲೆ ಇನ್ನೊಂದು ಬೇಕಿತ್ತು.

ಸಂಸ್ಥೆಗೆ ಇದ್ದದ್ದು ಒಂದೇ ಕೊರತೆ, ನೆಲೆ. ರಾಣೆಬೆನ್ನೂರಿನಲ್ಲಿ ಚರ್ಚಿನ ಹಿಂದಿನ ಕೋಣೆ, ಆಮೇಲೆ ಹಾವೇರಿಯಲ್ಲಿ ಒಂದು ಮಾಳಿಗೆ, ಆಮೇಲೆ ಬ್ಯಾಡಗಿಯಲ್ಲಿ ಈ ಓಣಿ ಆ ಓಣಿ. ಒಬ್ಬ ಮಾಲೀಕರಿಗೆ ಮಗಳ ಬಾಣಂತನ ಬಂತು, ಇನ್ನೊಬ್ಬರಿಗೆ ಕೂಸುಗಳ ಗದ್ದಲಕ್ಕೆ ತಲೆಶೂಲೆ ಬಂತು. ಪ್ರಾರ್ಥನೆಯ ಹಾಡು ಕೇಳಿ ಮೂಗು ಮುರಿದವರೂ ಇದ್ದರು. ತೊಟ್ಟಿಲು, ಪಾತ್ರೆ, ಗೋಡೆಯ ಶಿಲುಬೆ ಎಲ್ಲವನ್ನೂ ಟ್ರ್ಯಾಕ್ಟರಿಗೆ ಏರಿಸಿ ಇಳಿಸುವುದರಲ್ಲಿ ಹೊಳಿಯವ್ವ ಹಮಾಲನ ಹೆಂಡತಿ ಎಂಬ ಹೆಸರು ಉಳಿಸಿದಳು. ಹೋದ ಮಳೆಗಾಲಕ್ಕೆ ಇದ್ದ ಮನೆಯನ್ನೂ ಬಿಡಬೇಕಾಗಿ ಬಂತು.

ಆಗ ನೀಲಕ್ಕ ಮೊದಲ ಸಲ ಕೈ ಚೆಲ್ಲಿದಳು. “ಇನ್ನ ಸಾಕು ಹೊಳಿಯವ್ವ. ಈ ಸಲ ಖಾಯಂ ಜಾಗಾ ಸಿಗಲಿಲ್ಲಂದ್ರ ಬ್ಯಾಡಗಿ ಕೆಲಸ ಮುಚ್ಚಿ ರಾಣೆಬೆನ್ನೂರಿಗೆ ಹೋಗೂದ. ತಾಯಂದ್ರು ನಮ್ಮನ್ನ ನಂಬಿ ಕೂಸು ಬಿಡ್ತಾರ. ಅವರಿಗೆ ದಿನಾ ಹೊಸಾ ಬಾಗಿಲಾ ತೋರಿಸಿದ್ರ ಹ್ಯಾಂಗ?”

“ಮುಚ್ಚೂ ಮಾತ ಆಡಬ್ಯಾಡ್ರಿ ಅಕ್ಕಾರ,” ಎಂದಳು ಹೊಳಿಯವ್ವ. ಮುಚ್ಚಿದರೆ ಆ ಕೂಸುಗಳು ಎಲ್ಲಿಗೆ ಹೋಗುತ್ತವೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ನೇರ ರಾಶಿಯ ಮಗ್ಗುಲಿಗೆ.

ದೇವರು ಬಾಗಿಲು ತೆರೆದದ್ದು ಯೂಸುಫಸಾಬರ ಮನೆಯಲ್ಲಿ. ಅವರು ಮೆಣಸಿನಕಾಯಿ ವ್ಯಾಪಾರದಲ್ಲಿ ತಲೆ ಹಣ್ಣಾದ ಮುದುಕರು. ಕೋಲ್ಡ್ ಸ್ಟೋರೇಜುಗಳು ಬಂದ ಮೇಲೆ ಅವರ ಹಳೆಯ ಗೋದಾಮು ಬೀಗ ಹಾಕಿಕೊಂಡು ಬಿದ್ದಿತ್ತು. ಅದನ್ನು ಸಂಸ್ಥೆಗೆ ದಾನ ಕೊಡುತ್ತೇನೆ ಎಂದು ತಾವಾಗಿ ಹೇಳಿ ಕಳಿಸಿದರು.

“ನಾ ಕೊಡಾಕತ್ತಿಲ್ಲರಿ, ನಮ್ಮ ಮೈಮುನಾಬಿ ಕೊಡಸಾಕತ್ತಾಳ,” ಎಂದು ಹೆಂಡತಿಯ ಕಡೆ ಕೈ ತೋರಿಸಿದರು. “ನನ್ನ ರಾಶಿ ಪಕ್ಕದಾಗ ಕೂಸು ಅಳೂದು ನಲವತ್ತ ವರ್ಷ ನಾ ಕೇಳೇನಿ, ಆಕಿನೂ ಕೇಳ್ಯಾಳ. ಖರೇ, ನನಗ ನಿದ್ದಿ ಬರ್ತಿತ್ತು, ಆಕಿಗೆ ಬರ್ತಿದ್ದಿಲ್ಲ.”

ಆದರೆ ಮುದುಕರು ಒಂದು ಮಾತಿಟ್ಟರು. ಹಿಂದೆ ಹೊಲಿಗೆ ತರಬೇತಿ ಮಾಡುತ್ತೇವೆಂದು ಅದೇ ಕಟ್ಟಡ ಪಡೆದವರು ಒಂದೇ ತಿಂಗಳಿಗೆ ಕಾಲ್ತೆಗೆದಿದ್ದರು. ಅದಕ್ಕೇ ಈಗ, ದೀಪಾವಳಿಯ ತನಕ ಕೂಸುಗಳು ಅಲ್ಲಿ ನೆಲೆ ನಿಂತು ತೋರಿಸಲಿ, ಆಮೇಲೆ ದಾನಪತ್ರ. ನಿಲ್ಲದಿದ್ದರೆ ಮಗ ಮುಜಾಫರನ ಇಷ್ಟ. ಅವನು ಆಗಲೇ ಒಬ್ಬ ಟ್ರ್ಯಾಕ್ಟರ್ ಡೀಲರನ ಜೊತೆ ಮಾತಾಡಿಟ್ಟಿದ್ದ. ಕೆಟ್ಟವನಲ್ಲ, ಲೆಕ್ಕದ ಮನುಷ್ಯ.

ಕಟ್ಟಡ ನೋಡಲು ನೀಲಕ್ಕ, ಹೊಳಿಯವ್ವ, ಮತ್ತೆ ನಾಲ್ಕಾರು ತಾಯಂದಿರು ಹೋದದ್ದು ಶ್ರಾವಣದ ಜಿಟಿಜಿಟಿ ಮಳೆಯಲ್ಲಿ. ದಪ್ಪ ಗೋಡೆ, ಎತ್ತರದ ತಗಡಿನ ಛಾವಣಿ, ಹಿಂದೆ ಬೇವಿನ ಮರ, ಅಂಗಳದಲ್ಲಿ ಬೋರು. ನೀಲಕ್ಕ ಒಳಗೆ ಕಾಲಿಟ್ಟವಳೇ ಮೂರು ಸಲ ಸೀನಿದಳು.

“ಘಾಟ ಐತೇನ ಹೊಳಿಯವ್ವ?”

ಹೊಳಿಯವ್ವ ಎದೆ ತುಂಬ ಉಸಿರೆಳೆದುಕೊಂಡಳು. ತಾಯಂದಿರೂ ಎಳೆದುಕೊಂಡರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು.

“ಏನ ಇಲ್ಲರಿ ಅಕ್ಕಾರ, ಸ್ವಚ್ಛ ಗಾಳಿ. ನಿಮಗ ಮಳಿಯೊಳಗ ತೋಯ್ದು ನೆಗಡಿ ಆಗೇತಿ. ಮನಿಗೆ ಹೋಗಿ ಕಷಾಯ ಕುಡೀರಿ.”

ನೀಲಕ್ಕ ಕಷಾಯ ಕುಡಿದಳು. ಗೋಡೆಗೆ ಸುಣ್ಣ ಬಳಿದು, ಪ್ರಾರ್ಥನೆ ಮಾಡಿ, ಪಾಯಸ ಹಂಚಿ ಒಳಗೆ ಸೇರಿದ್ದಾಯಿತು. ಮಳೆ ಇರುವಷ್ಟು ದಿನ ಎಲ್ಲ ಚೆಂದ. ಹೊಳಿಯವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತರೆ ಕೋಟೆ ಉಳಿಸಿಕೊಂಡ ಕಿತ್ತೂರಿನ ಸೈನಿಕರೂ ಅಷ್ಟು ಬೀಗಿರಲಿಕ್ಕಿಲ್ಲ.

ದಸರೆ ದಾಟಿ ಮಳೆ ಹಿಂದೆಗೆಯಿತು. ಬಿಸಿಲು ಬಿತ್ತು, ಗೋಡೆ ಒಣಗಿತು, ತಗಡು ಕಾಯಿತು. ಮಧ್ಯಾಹ್ನವಾಗುತ್ತಲೇ ಕೂಸುಗಳು ಸೀನತೊಡಗಿದವು. ಕಣ್ಣು ಕೆಂಪು, ಮೂಗು ನೀರು, ಮಲಗಿದ್ದವು ಕೆಮ್ಮುತ್ತಾ ಎದ್ದು ಕೂರುತ್ತಿದ್ದವು. ಹೊಳಿಯವ್ವ ಮೊದಲು ಹಲ್ಲು ಬರುತ್ತಿವೆ ಎಂದಳು. ಆಮೇಲೆ ಹವಾ ಬದಲಾಗಿದೆ ಎಂದಳು. ಆಮೇಲೆ, ಪಾಪ, ದೃಷ್ಟಿಯೂ ತೆಗೆದಳು. ಮಹಮೂದಾಬೇಗಂ ಎಂಬ ತಾಯಿಯ ಮಗಳು ತಸ್ಲೀಮ್, ಇನ್ನೂ ನಡೆಯಲು ಬಾರದ ಕೂಸು, ಎಲ್ಲರಿಗಿಂತ ಹೆಚ್ಚು ಅತ್ತಳು. ಹೊಳಿಯವ್ವ ಅವಳನ್ನು ಎತ್ತಿಕೊಂಡು ಹಿಂದಿನ ಬೇವಿನ ನೆರಳಿಗೆ ಹೋದಳು. ಕೂಸು ಸುಮ್ಮನಾಯಿತು. ಒಳಗೆ ಬಂದಳು, ಕಿರುಚಿತು. ಮತ್ತೆ ಹೊರಗೆ, ಸುಮ್ಮನೆ. ಮತ್ತೆ ಒಳಗೆ, ಕಿರುಚಾಟ.

ಹೊಳಿಯವ್ವನಿಗೆ ಆಗ ತಿಳಿಯಿತು. ಘಾಟು ಇತ್ತು. ವರ್ಷಗಟ್ಟಲೆ ಒಟ್ಟಿದ ಚೀಲಗಳ ಖಾರವನ್ನು ಗೋಡೆಯೂ ನೆಲವೂ ಕುಡಿದು ಕೂತಿದ್ದವು. ಮಳೆಯಲ್ಲಿ ಅಡಗಿತ್ತು, ಬಿಸಿಲಿಗೆ ಎದ್ದಿತ್ತು. ಅದನ್ನು ಹಿಡಿಯಬೇಕಾದ ತನ್ನ ಮೂಗು ಎಂದೋ ಸತ್ತುಹೋಗಿತ್ತು. ಬಂದ ತಾಯಂದಿರ ಮೂಗಿನ ಗತಿಯೂ ಅದೇ. ಬ್ಯಾಡಗಿಯವರನ್ನೇ ಕರೆದು ಘಾಟು ಇದೆಯೇ ಎಂದು ಕೇಳಿದರೆ ಮತ್ತೇನು ಉತ್ತರ ಸಿಕ್ಕೀತು!

ಮುಚ್ಚಿಡುವ ಬುದ್ಧಿ ಅವಳದಲ್ಲ. ನೇರ ಹೋಗಿ ಹೇಳಿದಳು. “ಅಕ್ಕಾರ, ನಿಮಗ ಅವತ್ತ ನೆಗಡಿ ಆಗಿದ್ದಿಲ್ಲ. ನಂದ ತಪ್ಪ ಐತಿ. ಗ್ವಾಡಿತುಂಬ ಖಾರ ಐತ್ರಿ.”

ನಾಳೆಯಿಂದ ಕೂಸು ಕಳಿಸುವುದಿಲ್ಲ ಎಂದು ಆಗಲೇ ಮೂವರು ತಾಯಂದಿರು ಹೇಳಿ ಹೋಗಿದ್ದರು. ಮಹಮೂದಾಬೇಗಂ ತಸ್ಲೀಮಳನ್ನು ಕಟ್ಟಿಕೊಂಡು ಮತ್ತೆ ರಾಶಿಯ ಮಗ್ಗುಲಿಗೇ ಹೊರಟಿದ್ದಳು. ದೀಪಾವಳಿ ಇನ್ನೇನು ಬಂತು.

“ಈಗೇನ ಮಾಡೂದ?” ಎಂದಳು ನೀಲಕ್ಕ.

“ಗ್ವಾಡಿ ಕೆರಿಯೂದ,” ಎಂದಳು ಹೊಳಿಯವ್ವ.

ಅವತ್ತೇ ಸಂಜೆ, ಕೋಲ್ಡ್ ಸ್ಟೋರೇಜಿನಿಂದ ತೆಗೆದ ಹಳೆಯ ಕಾಯಿಯ ರಾಶಿಗಳ ನಡುವೆ ಹೋಗಿ ನಿಂತಳು. ತೊಟ್ಟು ಬಿಡಿಸುತ್ತಿದ್ದ ಹೆಂಗಸರ ಮುಂದೆ ಅಂಗಲಾಚಲಿಲ್ಲ, ಕಣ್ಣೀರು ಹಾಕಲಿಲ್ಲ, ಬೈದಳು. “ಮನಿ ಯಾರಿಗೆ ಸಿಗಾಕತ್ತೇತಿ? ನನಗೇನ? ನನ್ನ ಮಗಳು ಬೆಳದು ಹೋದ್ಲು. ನಿಮ್ಮ ಕೂಸಿಗೆ ಬೇಕಂದ್ರ ನಾಳಿ ಮುಂಜಾನಿ ಸಲಿಕಿ ಹಿಡಕೊಂಡು ಬರ್ರಿ. ಬ್ಯಾಡಂದ್ರ ಇಲ್ಲೇ ಕುಂದ್ರಿ, ಮೊಣಕೈಲೆ ಎತ್ತಿಕೊಂಡು ಆಡಸ್ರಿ.”

ಬೆಳಿಗ್ಗೆ ಅವರು ಬಂದರು. ಗಂಡಂದಿರನ್ನೂ ಎಳೆದುಕೊಂಡು ಬಂದರು. ಕೂಸುಗಳನ್ನು ಎಲ್ಲಿ ಇಡುವುದು ಎಂದು ಯೋಚಿಸುವಷ್ಟರಲ್ಲಿ ಮೈಮುನಾಬಿ ಬಂದು ಅಷ್ಟನ್ನೂ ತನ್ನ ಪಡಸಾಲೆಗೆ ಕರೆದೊಯ್ದಳು. ಮುಜಾಫರ ತನ್ನದೇ ಮನೆಯಲ್ಲಿ ಕಾಲಿಡಲು ಜಾಗವಿಲ್ಲದೆ ಅಂಗಡಿಯಲ್ಲೇ ಊಟ ಮಾಡತೊಡಗಿದ. ಇತ್ತ ಗೋದಾಮಿನಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು ಗಾರೆ ಕೆರೆದರೆ ಸುಣ್ಣದ ಕೆಳಗೆ ಗೋಡೆ ಕೆಂಪಗಿತ್ತು. ಪುಟ್ಟಿಗಟ್ಟಲೆ ಉದುರಿಸಿ ಹೊರಗೆ ಹಾಕಿದರು, ತೊಳೆದರು, ಹೊಸ ಗಾರೆ ಮೆತ್ತಿದರು.

ಕೆಲಸವೇನೋ ಆಯಿತು. ಆದರೆ ಘಾಟು ಹೋಗಿದೆ ಎಂದು ಹೇಳುವವರು ಯಾರು? ಇಷ್ಟು ದಿನ ಅದೇ ಧೂಳಿನಲ್ಲಿ ನಿಂತು ನೀಲಕ್ಕನ ಮೂಗೂ ಸೋತಿತ್ತು. ಹೊಳಿಯವ್ವ ಒಂದು ಕ್ಷಣ ಯೋಚಿಸಿ, ಸೀರೆ ಬದಲಿಸಿ, ಹಾವೇರಿ ಬಸ್ಸು ಹತ್ತಿ, ಅಲ್ಲಿಂದ ಗುತ್ತಲದ ಬಸ್ಸು ಹಿಡಿದಳು. ಮೂಗು ತರಲು ಹೋದಳು.

ಆ ಮೂಗು ಅವಳ ಅಣ್ಣ ಹಾಲೇಶಪ್ಪನದು. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ಈ ಮನೆಯಲ್ಲಿ ಸೀನುವ ಮನುಷ್ಯ. ಹಾಲು ರೊಟ್ಟಿ ಬಿಟ್ಟು ಬೇರೆ ಉಂಡವನಲ್ಲ. ತಂಗಿ ಬ್ಯಾಡಗಿಗೆ ಹೋದಾಗಿನಿಂದ ಒಮ್ಮೆಯೂ ಅವಳ ಮನೆಗೆ ಬಂದಿರಲಿಲ್ಲ, ಆ ಊರಿಗೆ ಬಂದರೆ ಸಾಯುತ್ತೇನೆ ಎಂದೇ ಅವನ ನಂಬಿಕೆ.

“ಅಣ್ಣಾ, ನಿನ್ನ ಮೂಗಿನಿಂದ ಒಂದು ಕೆಲಸ ಆಗಬೇಕಾಗೇತಿ.”

“ಏನವಾ, ಇಷ್ಟು ವರ್ಷಕ್ಕ ಬಂದು ಮೂಗ ಕೇಳ್ತೀಯಲ್ಲ?” ಎಂದ. ಆದರೆ ತಂಗಿ ಎಂದೂ ಏನೂ ಕೇಳಿದವಳಲ್ಲ. ರುಮಾಲು ಸುತ್ತಿಕೊಂಡು ಹೊರಟ.

ಉರಿಬಿಸಿಲಿನ ಹೊತ್ತಿಗೆ ಗೋದಾಮಿನ ನಡುವೆ ಕುರ್ಚಿ ಹಾಕಿ ಅವನನ್ನು ಕೂರಿಸಿದರು. ಹೆಂಗಸರೆಲ್ಲ ಕಿಟಕಿಯಲ್ಲಿ ಮುಖ ಇಟ್ಟರು. ಹಾಲೇಶಪ್ಪ ಮೀಸೆ ಕುಣಿಸಿದ, ಮೇಲೆ ನೋಡಿದ, ಆಮೇಲೆ ಸೀನಿದ ನೋಡಿ, ಛಾವಣಿಯ ಪಾರಿವಾಳಗಳು ಎದ್ದು ಹೋದವು. ಹೆಂಗಸರು ಅಯ್ಯೋ ಎಂದರು.

“ಗ್ವಾಡಿ ಅಲ್ಲವಾ,” ಎಂದ ಅವನು ಕಣ್ಣೊರೆಸಿಕೊಳ್ಳುತ್ತಾ. “ಕೆಳಗಿಂದ ಬರಾಕತ್ತೇತಿ.”

ನೆಲ ಅಗೆದರು. ಮೇಲಿನ ಮಣ್ಣಿನಡಿ ಮೆಣಸಿನ ಬೀಜ, ಹುಡಿ ಎಲ್ಲ ಸೇರಿ ಗಟ್ಟಿಯಾದ ಒಂದು ಪದರವೇ ಇತ್ತು. ಅದನ್ನೆಲ್ಲ ತೆಗೆದು, ಹೊರಗಿನಿಂದ ಕೆಂಪು ಗರಸು ಮಣ್ಣು ತಂದು ತುಂಬಿ ಬಡಿದು ಗಟ್ಟಿ ಮಾಡಿದರು. ಅಷ್ಟರಲ್ಲಿ ಹಬ್ಬದ ಹಿಂದಿನ ದಿನವಾಯಿತು. ಕೂಸುಗಳು ಇಲ್ಲಿ ನಿಲ್ಲಬಲ್ಲವೋ ಇಲ್ಲವೋ ಎಂದು ಕಣ್ಣಾರೆ ನೋಡಿ ತೀರ್ಮಾನಿಸಲು ಯೂಸುಫಸಾಬರು ಕೋಲೂರಿಕೊಂಡು ಬಂದರು, ಜೊತೆಗೆ ಮುಜಾಫರ. ಅವನ ಕೈಯಲ್ಲಿ ಫೋನು, ಫೋನಿನ ಆ ತುದಿಯಲ್ಲಿ ಟ್ರ್ಯಾಕ್ಟರಿನವನು.

ಹಾಲೇಶಪ್ಪ ಮತ್ತೆ ಕುರ್ಚಿಯ ಮೇಲೆ ಕೂತ. ತಗಡು ಕಾದು ಟಕಟಕ ಎನ್ನುತ್ತಿತ್ತು. ಅವನು ಒಮ್ಮೆ ಕೈ ಮೇಲೆತ್ತಿದ, ಹೊಳಿಯವ್ವ ಕಣ್ಣು ಮುಚ್ಚಿಕೊಂಡಳು, ಈ ಸಲ ಎರಡೂ ಕಣ್ಣು. ಅವನು ಮೀಸೆ ತುರಿಸಿಕೊಂಡ ಅಷ್ಟೇ. ಸ್ವಲ್ಪ ಹೊತ್ತಿಗೆ ತಲೆ ಎದೆಯ ಮೇಲೆ ಬಾಗಿತು, ಗೊರಕೆ ಶುರುವಾಯಿತು. ಹೆಂಗಸರು ಚಪ್ಪಾಳೆ ತಟ್ಟಿದರು.

ಮುಜಾಫರ ಮಾತ್ರ ತಟ್ಟಲಿಲ್ಲ. “ನಿಂದರ್ರಿ. ಅಜ್ಜಾರು ಬಂದು ಎಷ್ಟ ದಿನ ಆತು? ಅವರ ಮೂಗೂ ಬ್ಯಾಡಗಿ ಮೂಗ ಆಗಿರಬಾರದೇನು?”

ಮಾತು ಸುಳ್ಳಲ್ಲ. ಚಪ್ಪಾಳೆ ನಿಂತಿತು. ಹೊಳಿಯವ್ವನಿಗೂ ಅದು ಹೊಳೆದಿರಲಿಲ್ಲ. ಆದರೆ ಈ ಸಲ ಅವಳಿಗೆ ಹೆದರಿಕೆ ಆಗಲಿಲ್ಲ. ಗೋಡೆ ತಾನೇ ಕೆರೆದಿದ್ದಳು, ನೆಲ ತಾನೇ ಅಗೆದಿದ್ದಳು. ಜನರ ನಡುವೆ ಹಿಂದೆ ನಿಂತಿದ್ದ ಮಹಮೂದಾಬೇಗಂಳ ಹತ್ತಿರ ಹೋದಳು. ಅವಳ ಹೆಗಲ ಮೇಲೆ ತಸ್ಲೀಮ್ ಇದ್ದಳು.

“ನಿನ್ನ ಮಗಳನ್ನ ಕೊಡವಾ.”

ಮಹಮೂದಾಬೇಗಂ ಕೂಸನ್ನು ಎದೆಗೆ ಒತ್ತಿಕೊಂಡಳು. “ಮೊದಲ ಸಲಾನೂ ನೀವ ಹೇಳಿದ್ರಿ ಯವ್ವಾ, ಏನ ಇಲ್ಲಂತ. ಎರಡ ದಿನ ಕಣ್ಣ ತೆರೀಲಿಲ್ಲ ಇಕಿ.”

ಹೊಳಿಯವ್ವ ನೆಪ ಹೇಳಲಿಲ್ಲ. “ಹೌದು, ಹೇಳಿದ್ದೆ. ತಪ್ಪಿದ್ದೆ. ಇವತ್ತ ನೀನೂ ಬಾ, ನೀನ ಕೂಡ್ರು, ಬಾಗಿಲಾ ತೆರದ ಇರ್ತೇತಿ. ಕೂಸು ಒಂದ ಸಲ ಕಣ್ಣ ತಿಕ್ಕಿದ್ರ ಎದ್ದ ನಡಿ. ನಾನ ಮುಜಾಫರಣ್ಣಗ ಬೀಗದ ಕೈ ಕೊಡ್ತೇನಿ.”

ನೀಲಕ್ಕ ಹೊಳಿಯವ್ವನ ಮುಖ ನೋಡಿದಳು, ಬೇಡ ಎನ್ನಲಿಲ್ಲ. ಮಹಮೂದಾಬೇಗಂ ಒಳಗೆ ಬಂದು ಗೋಡೆಗೆ ಒರಗಿ ಕೂತಳು. ತಸ್ಲೀಮ್ ತಾಯಿಯ ಮಡಿಲಿನಿಂದ ಇಳಿದು, ಹೊಸ ನೆಲದ ಮೇಲೆ ಅಂಗೈ ಬಡಿದು ನೋಡಿ, ಗೊರಕೆ ಹೊಡೆಯುತ್ತಿದ್ದ ಹಾಲೇಶಪ್ಪನ ಕಡೆ ತೆವಳಿದಳು. ಅವನ ಧೋತರ ಹಿಡಿದು ಎದ್ದು ನಿಂತಳು. ಕಣ್ಣು ತಿಳಿಯಾಗಿದ್ದವು. ತಗಡಿನ ಬಿಸಿ ನೆತ್ತಿ ಸುಡುತ್ತಿತ್ತು, ದೊಡ್ಡವರೆಲ್ಲ ಬೆವರಿ ತೊಯ್ದರು, ಕೂಸು ಸೀನಲಿಲ್ಲ. ಕೊನೆಗೆ ಮಹಮೂದಾಬೇಗಂ ಎದ್ದಳು. ಎಲ್ಲರೂ ಅವಳನ್ನೇ ನೋಡಿದರು. “ಕಾಯಿ ರಾಶಿ ಹಂಗ ಬಿಟ್ಟ ಬಂದೇನಿ ಯವ್ವಾ, ಸಂಜೀಕ ಬರ್ತೇನಿ,” ಎಂದವಳು ಮಗಳನ್ನು ಅಲ್ಲೇ ಬಿಟ್ಟು ಹೊರಟಳು.

ಮುಜಾಫರ ಫೋನನ್ನು ಕಿವಿಗಿಟ್ಟು, “ಭಾಯಿ, ಬೇರೆ ಜಾಗಾ ನೋಡ್ಕೋರಿ,” ಎಂದ. ಆಮೇಲೆ ಹೊಳಿಯವ್ವನ ಕಡೆ ತಿರುಗಿ, “ಈಗಾದ್ರೂ ನಮ್ಮ ಪಡಸಾಲಿ ಖಾಲಿ ಮಾಡ್ರಿ, ಮನ್ಯಾಗ ಊಟಾ ಮಾಡಿ ವಾರ ಆತು,” ಎಂದ. ಯೂಸುಫಸಾಬರು ಹೊಟ್ಟೆ ತುಂಬ ನಕ್ಕರು. ಹಬ್ಬ ಮುಗಿದು ಕಚೇರಿ ತೆರೆದ ದಿನವೇ ದಾನಪತ್ರ ನೋಂದಣಿಯಾಯಿತು. ನೀಲಕ್ಕ ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತಳು. ಹೊಳಿಯವ್ವ ಅವಳಿಗೆ ನೀರು ಕುಡಿಸಿ, ಕೂಸುಗಳು ಕಾಯುತ್ತಿವೆ ಎಂದು ಅವಸರ ಮಾಡಿ ಎಬ್ಬಿಸಿದಳು.

ಡಿಸೆಂಬರಿನಲ್ಲಿ ಹೊಸ ಕಾಯಿ ಬಂತು, ಅದರ ಹಿಂದೆ ದುಡಿಯುವವರು ಬಂದರು. ಒಂದು ಮುಂಜಾನೆ ಬಾಗಿಲಲ್ಲಿ ಹೊಸ ಹುಡುಗಿಯೊಬ್ಬಳು ನಿಂತಿದ್ದಳು, ದೂರದ ಯಾವುದೋ ಹಳ್ಳಿಯವಳು, ಕಂಕುಳಲ್ಲಿ ಎಳೆಯ ಹೆಣ್ಣುಕೂಸು. ಒಳಗೆ ಬರಲೋ ಬೇಡವೋ ಎಂದು ಅನುಮಾನಿಸುತ್ತಿದ್ದಳು.

“ಕೂಸು ಬಿಟ್ಟು ಹೋಗಬಹುದಂತಲ್ಲರಿ? ಹೋದ ವರ್ಷ ನಮ್ಮ ಅಕ್ಕ ಬಂದಿದ್ಲು, ಆಕಿ ಹೇಳಿದ ಓಣಿಗೆ ಹೋದೆ, ಅಲ್ಲಿ ಯಾರೂ ಇಲ್ಲ. ನೀವು ಇಲ್ಲಿ ಎಷ್ಟ ದಿನ ಇರ್ತೀರಿ?”

ಹೊಳಿಯವ್ವ ಇಷ್ಟು ವರ್ಷ ಈ ಪ್ರಶ್ನೆಗೆ ‘ನೋಡೂಣವಾ’ ಎಂದೇ ಉತ್ತರಿಸಿದವಳು. ಈಗ ಕೈ ಚಾಚಿ ಕೂಸನ್ನು ಎತ್ತಿಕೊಂಡಳು.

“ಇಕಿ ದೊಡ್ಡಾಕಿ ಆಗಿ, ಇಕಿ ಮಗಳನ್ನ ಕರಕೊಂಡು ಬಂದ್ರೂ ಇಲ್ಲೇ ಇರ್ತೀವಿ ತಂಗಿ. ನೀ ಕೆಲಸಕ್ಕ ನಡಿ.”